ಹಿಂದಕ್ಕೆ ತೆರೆದ ಚೀಲ

ಅಲ್ ಅಮೇರಾತ್
5 ಜುಲೈ 2025

ಯಶು ಮಗಾ,

ನೀವು ಅಗೆಯುವ ಆ ಉಪ್ಪಿನ ಸರೋವರಕ್ಕೆ ಸಾಮಾನು ತರುವ ಗಾಡಿಯಲ್ಲೇ ಟಪಾಲೂ ಬರುತ್ತದೆ ಎಂದು ಹೋಗುವ ಮೊದಲು ನೀನು ಹೇಳಿದ್ದೆ. ಅದನ್ನು ನೆನಪಿಟ್ಟುಕೊಂಡು ಬರೆಯುತ್ತಿದ್ದೇನೆ. ಫೋನು ಸಿಗುವಲ್ಲಿ ನೀನಿದ್ದಾಗಲೂ ನಾವು ಆಡುವುದು ಊಟ ಆಯ್ತಾ, ಸೆಖೆಯಾ ಚಳಿಯಾ ಅಷ್ಟೇ. ಹಿಂದೆ ಪಪ್ಪ ಟೀವಿ ಜೋರು ಮಾಡುತ್ತಾರೆ. ಕಾಗದಕ್ಕೆ ಆ ತೊಂದರೆ ಇಲ್ಲ.

ನನಗೊಂದು ವಿಚಿತ್ರ ಕೆಲಸ ಬಂದಿದೆ. ಮದುವೆ, ಬರ್ತ್‌ಡೇಗೆ ಸ್ಟೇಜು ಹಾಕಿಸುವ ಸ್ಯಾವಿಯೋ ನಿನಗೆ ಗೊತ್ತಲ್ಲ, ಬೆಂದೂರಿನವರು. ಮೊನ್ನೆ ನನ್ನ ಹೊಲಿಗೆ ಅಂಗಡಿಗೆ ಬಂದು ಒಂದು ಚಿತ್ರ ತೋರಿಸಿದರು. ಡಿಸೆಂಬರಿನಲ್ಲಿ ಬರ್ಕಾದ ಮಾಲಿನಲ್ಲಿ ಮಕ್ಕಳಿಗಾಗಿ ಮೆರವಣಿಗೆಯಂತೆ, ಈಗ ಭೂಮಿಯ ಮೇಲೆ ಇಲ್ಲದ ಪ್ರಾಣಿಗಳದ್ದು. ಕೂದಲಿನ ಆನೆ, ಹಾರದ ದೊಡ್ಡ ಹಕ್ಕಿ ಎಲ್ಲ ಬೇರೆಯವರು ಒಪ್ಪಿಕೊಂಡಾಗಿದೆ. ಯಾರಿಗೂ ಬೇಡದೆ ಉಳಿದದ್ದು ಇದೊಂದು. "ವಸಂತಿಯಕ್ಕ, ಚೌಕಟ್ಟು ವೆಲ್ಡಿಂಗಿನ ಬಾದುಶಾ ಮಾಡಿಕೊಡುತ್ತಾನೆ, ಚರ್ಮ ನೀವು ಹೊಲಿಯಿರಿ. ಒಳಗೆ ಇಬ್ಬರು ನಿಂತು ನಡೆಸುವ ಹಾಗೆ ಇರಬೇಕು" ಎಂದರು.

ಚಿತ್ರ ನೋಡಿದೆ. ಕರಡಿಯ ಕಾಲು, ನೀರಾನೆಯ ಮೈ, ಮೊಲಕ್ಕೆ ಮುದಿತನ ಬಂದ ಹಾಗಿನ ಮುಖ. ಕೆಳಗೆ ಹೆಸರು ಓದಿದೆ, ಡೈಪ್ರೊಟೊಡಾನ್. "ಇದನ್ನೇ ಅಲ್ವಾ ನನ್ನ ಮಗಳು ಆಸ್ಟ್ರೇಲಿಯಾದಲ್ಲಿ ಅಗೆದು ತೆಗೆಯುವುದು" ಎಂದುಬಿಟ್ಟೆ. ಪಪ್ಪ ನನ್ನನ್ನು ಮನೆಗೆ ಕರೆದೊಯ್ಯಲು ಬಂದು ಬಾಗಿಲ ಹತ್ತಿರ ನಿಂತಿದ್ದರು. ಪಿಕಪ್ಪಿನ ಕೀ ತಿರುಗಿಸುತ್ತಾ ಹೊರಗೆ ಹೋದರು.

ಉಡುಪಿಯಲ್ಲಿ ಹಾಲ್ ಬುಕ್ ಆದ ಮೇಲೆ ನೀನು ಮದುವೆ ಬೇಡ ಎಂದು ಹೊರಟೆಯಲ್ಲ, ಆವತ್ತಿನಿಂದ ಅವರು ನಿನ್ನ ಹೆಸರು ಎತ್ತಿಲ್ಲ. ನಿನಗೆ ಅದು ಗೊತ್ತುಂಟು. ಬಯ್ಯುವುದೂ ಇಲ್ಲ. ಬೈದರೆ ಒಂದು ದಿನಕ್ಕೆ ಮುಗಿಯುತ್ತಿತ್ತು.

ಈಗ ನೀನು ನನಗೆ ಹೇಳಬೇಕು. ಅದರ ಬಣ್ಣ ಎಂತದು? ಕೂದಲು ಉದ್ದವೋ ಗಿಡ್ಡವೋ? ಹೊಟ್ಟೆಯ ಮೇಲೆ ಮರಿಯ ಚೀಲ ಉಂಟಂತೆ. ಅದರ ಬಾಯಿ ಮೇಲಕ್ಕೆ ಇಡುವುದು ಎಂದು ನಾನು ಲೆಕ್ಕ ಹಾಕಿದ್ದೇನೆ, ನಮ್ಮ ಅಂಗಿಯ ಕಿಸೆಯ ಹಾಗೆ. ಸರಿಯಾ?

ಉತ್ತರವನ್ನು ಪಪ್ಪನ ಕಂಪೆನಿಯ ಪಿ.ಓ. ಬಾಕ್ಸಿಗೆ ಹಾಕು. ಇಲ್ಲಿ ಗಲ್ಫಿನಲ್ಲಿ ಮನೆ ಬಾಗಿಲಿಗೆ ಟಪಾಲು ಬರುವುದಿಲ್ಲವಲ್ಲ. ಬಾಕ್ಸಿನ ಚಾವಿ ಅವರ ಕೈಯಲ್ಲೇ ಇರುವುದು, ನನಗೆ ಗೊತ್ತುಂಟು. ಇರಲಿ.

ನಿನ್ನ
ಅಮ್ಮ


ಸರೋವರದ ಕ್ಯಾಂಪು, ದಕ್ಷಿಣ ಆಸ್ಟ್ರೇಲಿಯಾ
28 ಜುಲೈ 2025

ಪ್ರೀತಿಯ ಅಮ್ಮ,

ಇಲ್ಲಿ ಈಗ ಚಳಿಗಾಲ. ಬೆಳಿಗ್ಗೆ ಬಕೆಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿರುತ್ತದೆ. ನಿನ್ನ ಕಾಗದವನ್ನು ಕೈಗವಸು ತೆಗೆಯದೆ ಒಡೆಯಲು ಹೋಗಿ ಅಂಚು ಹರಿಯಿತು. ಓದಿ ತುಂಬಾ ಹೊತ್ತು ನಗುತ್ತಿದ್ದೆ. ಮೊಲಕ್ಕೆ ಮುದಿತನ ಬಂದ ಮುಖ, ಅದಕ್ಕಿಂತ ಚೆನ್ನಾಗಿ ನಮ್ಮ ಪ್ರೊಫೆಸರೂ ಹೇಳಿಲ್ಲ.

ಸರೋವರ ಎಂದರೆ ನೀರಿಲ್ಲ ಅಮ್ಮ, ಬರೀ ಉಪ್ಪು. ಮಧ್ಯಾಹ್ನ ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ದೂರದಲ್ಲಿ ನಡೆಯುವವರು ನೆಲಕ್ಕೆ ತಾಗದೆ ತೇಲುವ ಹಾಗೆ ಕಾಣುತ್ತಾರೆ. ಹತ್ತಾರು ಸಾವಿರ ವರ್ಷಗಳ ಹಿಂದೆ ಮಳೆ ಹೋದ ಕಾಲದಲ್ಲಿ ಆ ಪ್ರಾಣಿಗಳು ನೀರು ಹುಡುಕಿಕೊಂಡು ಇದರ ಮೇಲೆ ಬಂದಿವೆ. ಮೇಲಿನ ಪದರ ಒಣಗಿತ್ತು, ಕೆಳಗೆ ಕೆಸರು. ಮೈ ಘೇಂಡಾಮೃಗದಷ್ಟು ಭಾರ. ಕಾಲು ಹೂತುಹೋಯಿತು. ನಾವು ಅಗೆದರೆ ಮೊದಲು ಸಿಗುವುದು ಕಾಲುಗಳೇ. ಈಗಲೂ ನೆಟ್ಟಗೆ ನಿಂತಿವೆ. ಹೆಚ್ಚಿನವುಗಳ ಮೇಲಿನ ಭಾಗವನ್ನು ಗಾಳಿ ತಿಂದುಹಾಕಿದೆ. ಬೆಳಗಿನ ಹೊತ್ತು ಅವುಗಳ ನಡುವೆ ಓಡಾಡುವಾಗ ಯಾರದ್ದೋ ಅಂಗಳದಲ್ಲಿ ಕೇಳದೆ ಬಂದು ನಿಂತ ಹಾಗಾಗುತ್ತದೆ.

ನಿನ್ನ ಪ್ರಶ್ನೆಗಳು. ಬಣ್ಣ ಯಾರಿಗೂ ಗೊತ್ತಿಲ್ಲ, ಎಲುಬು ಬಣ್ಣ ಹೇಳುವುದಿಲ್ಲ. ನೀನು ಯಾವ ಬಣ್ಣ ಹಾಕಿದರೂ ತಪ್ಪೆನ್ನುವವರಿಲ್ಲ. ಕೂದಲು ಒರಟು, ಗಿಡ್ಡ ಇದ್ದಿರಬೇಕು, ಇಲ್ಲಿ ಈಗಲೂ ಇರುವ ವೊಂಬ್ಯಾಟ್ ಎಂಬ ಪ್ರಾಣಿಯ ಹಾಗೆ. ಅದು ಇದರ ಸಣ್ಣ ಸಂಬಂಧಿ, ಬಿಲ ತೋಡಿಕೊಂಡು ಇರುತ್ತದೆ. ಪಾದಗಳನ್ನು ಸ್ವಲ್ಪ ಒಳಮುಖವಾಗಿ ಹೊಲಿ. ಇದು ಕುಪ್ಪಳಿಸುವುದಿಲ್ಲ, ನಡೆಯುತ್ತದೆ. ಪೊದೆ, ಸೊಪ್ಪು ತಿನ್ನುತ್ತಿತ್ತು.

ಚೀಲದ ಬಾಯಿ ಮೇಲಕ್ಕಲ್ಲ ಅಮ್ಮ, ಹಿಂದಕ್ಕೆ. ಚೀಲ ಮಣ್ಣಿನಲ್ಲಿ ಉಳಿಯುವುದಿಲ್ಲ, ಅದರ ಸಂಬಂಧಿಕರನ್ನು ನೋಡಿ ನಾವು ಊಹಿಸುವುದು. ವೊಂಬ್ಯಾಟ್ ಮುಂಗಾಲಿನಿಂದ ಮಣ್ಣು ಕೆರೆಯುತ್ತದೆ. ಚೀಲ ಮುಂದಕ್ಕೆ ತೆರೆದಿದ್ದರೆ ಮಣ್ಣೆಲ್ಲ ಮರಿಯ ಮುಖಕ್ಕೆ ಬೀಳುತ್ತದೆ. ಅದಕ್ಕೇ ಹಿಂದೆ ಬಾಗಿಲು. ಮರಿ ನೋಡುವುದು ತಾಯಿ ದಾಟಿ ಬಂದ ದಾರಿಯನ್ನು.

ಪಪ್ಪ ಹೇಗಿದ್ದಾರೆ?

ನಿನ್ನ
ಯಶು


ಅಲ್ ಅಮೇರಾತ್
22 ಆಗಸ್ಟ್ 2025

ಯಶು,

ನಿನ್ನ ಒತ್ತಕ್ಷರ ಇನ್ನೂ ಅಲ್ಲಲ್ಲಿ ತಪ್ಪುತ್ತದೆ. ಹೊಲಿಗೆ ಮೇಜಿನ ಮೇಲೆ ಚಾಕ್‌ಪೀಸಿನಲ್ಲಿ ಬರೆಸಿ ಕಲಿಸಿದ ಕನ್ನಡಕ್ಕೆ ಇಷ್ಟು ಸಾಕು ಬಿಡು.

ಬಣ್ಣ ಯಾರಿಗೂ ಗೊತ್ತಿಲ್ಲ ಎಂದೆಯಲ್ಲ, ಆ ಮಾತು ನನ್ನನ್ನು ಬಹಳ ದಿನ ಹಿಡಿದಿಟ್ಟಿತು. ನಾನೇ ಆರಿಸಬೇಕು ಎಂದಾಯಿತಲ್ಲ. ರುವಿ ಪೇಟೆಯಲ್ಲಿ ಅಂಗಡಿ ಅಂಗಡಿ ಸುತ್ತಿದೆ. ಕೊನೆಗೆ ಸಂಜೆ ಮನೆಯ ಟೆರೇಸಿನಲ್ಲಿ ಬಟ್ಟೆ ತೆಗೆಯುವಾಗ ಎದುರಿನ ಗುಡ್ಡ ಕಂಡಿತು. ಸೂರ್ಯ ಇಳಿಯುವ ಮೊದಲು ಈ ಅಮೇರಾತ್ ಗುಡ್ಡಗಳಿಗೆ ಒಂದು ಬಣ್ಣ ಬರುತ್ತದಲ್ಲ, ಕಂದೂ ಅಲ್ಲ ಬೂದಿಯೂ ಅಲ್ಲ, ಹುರಿದ ಕೊತ್ತಂಬರಿ ಬೀಜದ್ದು. ಮಾರನೇ ದಿನ ಅದೇ ಬಣ್ಣದ ಬಟ್ಟೆ ತಂದೆ.

ಬಾದುಶಾ ಅಲ್ಯೂಮಿನಿಯಂ ಕೊಳವೆಯಲ್ಲಿ ಚೌಕಟ್ಟು ಮಾಡಿ ತಂದ. ಅಂಗಡಿಯ ಅರ್ಧ ಜಾಗ ಅದಕ್ಕೇ ಹೋಯಿತು. ಯೂನಿಫಾರ್ಮಿನ ಅಳತೆ ಕೊಡಲು ಬಂದ ಮಕ್ಕಳು ಅದರ ಕಾಲಿನ ಎಡೆಯಿಂದ ನುಸುಳಿ ನನ್ನ ಹತ್ತಿರ ಬರಬೇಕು. ಫ್ಯಾನ್ ಹಾಕಿದರೆ ಹೊಟ್ಟೆಯ ಬಟ್ಟೆ ಉಬ್ಬಿ ಇಳಿಯುತ್ತದೆ, ಉಸಿರಾಡಿದ ಹಾಗೆ. ನನ್ನ ಜೊತೆ ಹೊಲಿಯುವ ಉಸ್ಮಾನ್ ಅದಕ್ಕೆ ಬೆನ್ನು ಹಾಕಿ ಕೂರುವುದಿಲ್ಲ.

ಮಧ್ಯಾಹ್ನ ಶಟರ್ ಎಳೆದು ನಾನು ಅಲ್ಲೇ ಚಾಪೆ ಹಾಕಿ ಮಲಗುತ್ತೇನೆ. ಮೊನ್ನೆ ಕನಸು ಬಿತ್ತು. ಗುಡ್ಡದ ದಾರಿಯಿಂದ ಅವು ಸಾಲಾಗಿ ಇಳಿದು ಬರುತ್ತಿದ್ದವು, ಸದ್ದೇ ಇಲ್ಲ. ರಸ್ತೆಯಲ್ಲಿ ಒಂದು ಕಾರೂ ಇರಲಿಲ್ಲ. ನಮ್ಮ ಬಿಲ್ಡಿಂಗಿನ ಕೆಳಗೆ ನಿಂತು ಏಸಿಯಿಂದ ತೊಟ್ಟಿಕ್ಕುವ ನೀರನ್ನು ಒಂದೊಂದಾಗಿ ನೆಕ್ಕಿದವು. ನೂಕಾಟ ಇಲ್ಲ. ಕುಡಿದವು ಪಕ್ಕಕ್ಕೆ ಸರಿದು ಮುಂದಿನದಕ್ಕೆ ಜಾಗ ಕೊಟ್ಟವು. ಕೊನೆಯದು ತಲೆ ಎತ್ತಿ ಮೇಲೆ ನಮ್ಮ ಕಿಟಕಿಯನ್ನು ನೋಡಿತು. ಎದ್ದಾಗ ನನಗೂ ಬಾಯಾರಿಕೆ.

ಪಪ್ಪ ಹೇಗಿದ್ದಾರೆ ಎಂದು ಕೇಳಿದೆ. ಸಕ್ಕರೆ ಸ್ವಲ್ಪ ಹೆಚ್ಚು ಉಂಟು, ಅನ್ನ ಕಡಿಮೆ ಮಾಡಿದ್ದಾರೆ. ನಿನ್ನ ಕಾಗದವನ್ನು ಮಾತಿಲ್ಲದೆ ಫ್ರಿಜ್ಜಿನ ಮೇಲೆ ಇಟ್ಟು ಹೋಗಿದ್ದರು. ನಾನು ಓದಿ ಬೇಕೆಂದೇ ಅಲ್ಲೇ ಬಿಟ್ಟೆ, ಬಿಡಿಸಿಯೇ. ಎರಡು ದಿನ ಬಿಟ್ಟು ಊಟ ಮಾಡುವಾಗ, "ಅಷ್ಟು ದೊಡ್ಡ ಮೈಗೆ ಬರೀ ಸೊಪ್ಪು ಸಾಕಾಗುತ್ತಿತ್ತಾ" ಎಂದು ಕೇಳಿದರು. ನಾನು ಸಾರು ಬಡಿಸಿದೆ, ಅಷ್ಟೇ. ಹೆಚ್ಚು ಮಾತಾಡಿದರೆ ಹಾರಿಹೋಗುತ್ತದೆ ಎಂದು ಹೆದರಿಕೆ.

ನೀನು ಸಣ್ಣವಳಿರುವಾಗ ಪ್ರತಿ ಶುಕ್ರವಾರ ಈ ಗುಡ್ಡಗಳಲ್ಲಿ ಕಲ್ಲಾದ ಚಿಪ್ಪು ಹೆಕ್ಕಲು ನಿನ್ನನ್ನು ಕರೆದೊಯ್ಯುತ್ತಿದ್ದದ್ದು ಅವರೇ. ನೀನು ಹೆಕ್ಕಿದ ಕಲ್ಲಿನ ಚೀಲ ಹೊತ್ತು ಬೆನ್ನು ನೋವೆನ್ನುತ್ತಿದ್ದರು. ಒಂದು ಶುಕ್ರವಾರವೂ ತಪ್ಪಿಸಲಿಲ್ಲ.

ಅಮ್ಮ


ಅಡಿಲೇಡ್
19 ಸೆಪ್ಟೆಂಬರ್ 2025

ಅಮ್ಮ,

ಕ್ಯಾಂಪ್ ಮುಗಿಯಿತು, ನಗರಕ್ಕೆ ಬಂದೆವು. ಈಗ ಫೋನ್ ಮಾಡಬಹುದು, ಮಾಡುತ್ತಲೂ ಇದ್ದೇನೆ. ಆದರೆ ಇದನ್ನು ಬರೆಯಬೇಕು ಅನ್ನಿಸಿತು.

ಅಲ್ಲಿಂದ ಎಲುಬುಗಳನ್ನು ಮಣ್ಣಿನ ಸಮೇತ ಪ್ಲಾಸ್ಟರ್ ಕಟ್ಟಿ ತಂದಿದ್ದೆವು. ಲ್ಯಾಬಿನಲ್ಲಿ ಒಂದನ್ನು ಬಿಡಿಸುವ ಕೆಲಸ ನನಗೆ ಬಂತು. ಹೆಣ್ಣು ಇರಬೇಕು, ಗಾತ್ರ ಸಣ್ಣದು. ಸೊಂಟದ ಎಲುಬಿನ ಹತ್ತಿರ ಬ್ರಶ್ಶಿನಲ್ಲಿ ಮಣ್ಣು ಸರಿಸುವಾಗ ಒಂದು ದವಡೆ ಕಾಣಿಸಿತು. ನನ್ನ ಅಂಗೈಯಲ್ಲಿ ಹಿಡಿಯುವಷ್ಟು. ಅದರಲ್ಲಿ ಪುಟ್ಟ ಹಲ್ಲುಗಳು, ಇನ್ನೂ ಸವೆದಿರಲಿಲ್ಲ.

ಚೀಲ ಇದ್ದಿರಬೇಕಾದ ಜಾಗದಲ್ಲೇ ಮರಿ ಇತ್ತು.

ತೀರಾ ಎಳೆಯದ್ದಲ್ಲ ಅಮ್ಮ. ಹೊರಗೆ ಬಂದು ನಾಲ್ಕು ಹೆಜ್ಜೆ ನಡೆಯುವಷ್ಟು ಬೆಳೆದಿರಬಹುದು. ತಾಯಿಯ ಕಾಲು ಹೂತಾಗ ಅದು ಹೊರಗಿತ್ತು, ಹೆದರಿ ತಿರುಗಿ ಒಳಗೆ ಹೋಯಿತು ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನೆಲ್ಲ ನಮ್ಮ ರಿಪೋರ್ಟಿನಲ್ಲಿ ಬರೆಯುವಂತಿಲ್ಲ. ಅದಕ್ಕೇ ನಿನಗೆ ಬರೆದೆ. ಎಲ್ಲರೂ ಬಂದು ನೋಡಿದರು, ಕೈ ಕುಲುಕಿದರು, ಫೋಟೋ ತೆಗೆದರು. ನಾನೂ ನಕ್ಕೆ. ಆಮೇಲೆ ಕೈ ತೊಳೆಯಲು ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದೆ.

ಪಪ್ಪನ ಸಕ್ಕರೆ ಈಗ ಎಷ್ಟಿದೆ?

ಯಶು


ಅಲ್ ಅಮೇರಾತ್
17 ಅಕ್ಟೋಬರ್ 2025

ಮಗಾ,

ನಿನ್ನ ಕಾಗದ ಓದಿದ ದಿನ ಹೊಲಿದಿದ್ದ ಚೀಲವನ್ನು ಪೂರ್ತಿ ಬಿಚ್ಚಿದೆ. ಮೊದಲು ಚಂದಕ್ಕೆ ಎಂದು ತೆಳು ಬಟ್ಟೆಯಲ್ಲಿ ಮಾಡಿದ್ದೆ, ಸುಮ್ಮನೆ ಜೋತಾಡುವ ಹಾಗೆ. ಈಗ ಕ್ಯಾನ್ವಾಸು, ಅದಕ್ಕೆ ಒಳಗಿಂದ ಫ್ಲಾನೆಲ್ಲಿನ ಅಸ್ತರು, ಜೋಡಿ ಹೊಲಿಗೆ. ಬಾಯಿ ಹಿಂದಕ್ಕೇ ಇಟ್ಟಿದ್ದೇನೆ. "ಹೊಟ್ಟೆಯ ಅಡಿಗೆ ಬಗ್ಗಿ ಯಾರು ನೋಡುತ್ತಾರೆ ದೀದಿ" ಎಂದು ಉಸ್ಮಾನ್ ನಕ್ಕ. ಯಾರೂ ನೋಡುವುದು ಬೇಡ. ಒಳಗೆ ಇರುವುದಕ್ಕೆ ಬೆಚ್ಚಗಾದರೆ ಸಾಕು.

ಇರುವುದು ಎಂದರೆ, ಒಂದು ಮರಿಯನ್ನೂ ಹೊಲಿದೆ. ಉಳಿದ ತುಂಡುಗಳಲ್ಲಿ. ಮೂತಿ ಮಾತ್ರ ಹೊರಗೆ ಕಾಣುತ್ತದೆ.

ಕ್ಯಾನ್ವಾಸು ಭಾರವಾಗಿ ಜಗ್ಗುತ್ತಿತ್ತು. ಹಗ್ಗ ಕಟ್ಟಿದರೆ ಬಟ್ಟೆಯನ್ನು ಕತ್ತರಿಸುತ್ತದೆ ಎಂದು ನಾನು ಊಟದ ಹೊತ್ತಿಗೆ ಗೊಣಗಿದ್ದೆ, ಯಾರಿಗೂ ಹೇಳಿದ್ದಲ್ಲ. ಮರುದಿನ ಪಪ್ಪ ತಮ್ಮ ಕಂಪೆನಿಯ ಗೋಡೌನಿನಿಂದ ಅಗಲದ ನೈಲಾನ್ ಪಟ್ಟಿ ತಂದರು, ಟೈಲ್ಸಿನ ಪೆಟ್ಟಿಗೆಗಳನ್ನು ಲಾರಿಯಲ್ಲಿ ಬಿಗಿಯುವುದು. ತಾವೇ ಚೌಕಟ್ಟಿನ ಕೊಳವೆಗೆ ಸುತ್ತಿ ಚೀಲವನ್ನು ಕಟ್ಟಿದರು. ಕೈಯಿಂದ ಜೋರಾಗಿ ಎಳೆದು ನೋಡಿದರು. "ಬಟ್ಟೆಯ ಮರಿಗೆ ಇಷ್ಟೆಲ್ಲ ಯಾಕೆ" ಎಂದೆ. "ಚೀಲ ಎಂದ ಮೇಲೆ ಭಾರ ತಡೆಯಬೇಕಲ್ಲ" ಎಂದರು.

ಆಮೇಲೆ ಅದರ ಹೊಟ್ಟೆಯ ಅಡಿಯಲ್ಲೇ ಕೂತು, ಮುಖ ಕಾಣದ ಹಾಗೆ ಕೇಳಿದರು, "ದವಡೆ ಸಿಕ್ಕಿದಾಗ ಅವಳ ಹತ್ತಿರ ಯಾರೂ ಇರಲಿಲ್ಲವಾ?"

ಅವಳು ಎಂದರು ಯಶು. ಎರಡು ವರ್ಷದ ಮೇಲೆ ಆಯಿತಲ್ಲ, ಅವರ ಬಾಯಲ್ಲಿ ನೀನು ಮತ್ತೆ ಅವಳಾದೆ.

ಸಕ್ಕರೆ ಇಳಿದಿದೆ. ಸಂಜೆ ನಡೆಯಲು ಹೋಗುತ್ತಾರೆ.

ಅಮ್ಮ


ಅಡಿಲೇಡ್
9 ನವೆಂಬರ್ 2025

ಅಮ್ಮ,

ನಿನ್ನ ಕಾಗದದ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಪಪ್ಪ ಕೇಳಿದ್ದಕ್ಕೆ, ಯಾರೂ ಇರಲಿಲ್ಲ ಎಂದು ಹೇಳಿಬಿಡು.

ಇಲ್ಲಿ ಇನ್ನೂ ಮೂರು ವರ್ಷ ಕೆಲಸ ಮಾಡುತ್ತೀಯಾ ಎಂದು ಕೇಳಿದ್ದಾರೆ. ಆ ತಾಯಿ ಮರಿಯ ಕೆಲಸವನ್ನು ನನಗೇ ಕೊಡುತ್ತಾರಂತೆ. ಜನವರಿ ಮುಗಿಯುವುದರೊಳಗೆ ಹೇಳಬೇಕು. ಹೂಂ ಎಂದು ಬರೆಯಲು ಕೈ ಏಳುತ್ತಿಲ್ಲ. ದೂರ ಇರುವುದು ಕಷ್ಟವಲ್ಲ ಅಮ್ಮ. ರಜೆ ಬಂದಾಗ ಎಲ್ಲರೂ ಮನೆಗೆ ಹೊರಡುತ್ತಾರೆ, ನಾನು ಲ್ಯಾಬಿನ ಚಾವಿ ಇಸಿದುಕೊಳ್ಳುತ್ತೇನೆ. ಹೋಗಿ ಬರಲು ಜಾಗ ಇದ್ದವರಿಗೆ ಮಾತ್ರ ದೂರ ಎನ್ನುವುದು ದೂರ.

ಮೆರವಣಿಗೆ ಚೆನ್ನಾಗಿ ಆಗಲಿ. ಬೇರೆಯವರು ಕೂದಲಿನ ಆನೆಯನ್ನೇ ನೋಡಿದರೆ ಬೇಸರ ಮಾಡಬೇಡ.

ಯಶು


ಅಲ್ ಅಮೇರಾತ್
14 ಡಿಸೆಂಬರ್ 2025

ಯಶು,

ಮೆರವಣಿಗೆ ಆಯಿತು. ನಡೆದದ್ದನ್ನೆಲ್ಲ ಬರೆಯಲು ಕೂತಿದ್ದೆ. ಪಪ್ಪ ಕನ್ನಡಕ ಒರೆಸುತ್ತಾ ಬಂದು, "ನೀನು ಹೊರಗೆ ನಿಂತಿದ್ದೆ. ಒಳಗೆ ಇದ್ದದ್ದು ನಾನು. ನಾನು ಬರೆಯುತ್ತೇನೆ" ಎಂದು ಕುರ್ಚಿ ಎಳೆದರು. ಪೆನ್ನು ಕೊಟ್ಟು ನಾನು ಅಡುಗೆಮನೆಗೆ ಬಂದಿದ್ದೇನೆ. ಈ ಚೀಟಿಯನ್ನು ಕಾಯಿಪಲ್ಲೆ ಹೆಚ್ಚುವ ಮಣೆಯ ಮೇಲಿಟ್ಟು ಬರೆದದ್ದು, ಎಣ್ಣೆ ಕಲೆ ಇದ್ದರೆ ಅದಕ್ಕೇ.

ಅಮ್ಮ


ಅಲ್ ಅಮೇರಾತ್
14 ಡಿಸೆಂಬರ್ 2025

ಯಶ್ಮಿತಾ,

ಕಾಗದ ಬರೆದು ಅಭ್ಯಾಸ ತಪ್ಪಿದೆ. ಗೋಡೌನಿನಲ್ಲಿ ಬರೆಯುವುದು ಬಂದ ಮಾಲು, ಹೋದ ಮಾಲು ಅಷ್ಟೇ. ಹಾಗೆಯೇ ಬರೆಯುತ್ತೇನೆ, ನಡೆದದ್ದನ್ನು ನಡೆದ ಹಾಗೆ.

ಶುಕ್ರವಾರ ನಾನು ಅಮ್ಮನನ್ನೂ ಆ ಪ್ರಾಣಿಯನ್ನೂ ಪಿಕಪ್ಪಿನಲ್ಲಿ ಬರ್ಕಾಕ್ಕೆ ಕರೆದುಕೊಂಡು ಹೋದೆ. ಇಳಿಸಿ ಬರುವುದು ಎಂದಷ್ಟೇ ಇತ್ತು. ಅಲ್ಲಿ ಹೋದರೆ ಸ್ಯಾವಿಯೋ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾರೆ. ಒಳಗೆ ನಿಲ್ಲಬೇಕಾಗಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಖಸಬ್‌ನಲ್ಲಿ ಬೇರೆ ಪ್ರೋಗ್ರಾಮಿಗೆ ಹೋದವನು ಬಂದಿಲ್ಲ. ಗಾಳಿ ಜೋರಾಗಿ ಅಲ್ಲಿಂದ ಫೆರ್ರಿ ಬೋಟು ಹೊರಟಿಲ್ಲ. ಮುಂದೆ ಉಳಿದ ಹುಡುಗ ನಿಂತ. ಹಿಂದೆ ನಿಲ್ಲಲು ಯಾರೂ ಇಲ್ಲ. ಸಹಾಯಕ್ಕೆ ಬಂದಿದ್ದ ಉಸ್ಮಾನ್ ಉದ್ದ, ಅವನ ತಲೆ ಪ್ರಾಣಿಯ ಬೆನ್ನಿಗೆ ತಾಗುತ್ತದೆ. ಅಮ್ಮ ನನ್ನನ್ನು ನೋಡಿದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಒಳಗೆ ಕತ್ತಲೆ. ಹೊಸ ಬಟ್ಟೆಯ ವಾಸನೆ. ಹೊರಗಿನ ಬ್ಯಾಂಡು, ಮಕ್ಕಳ ಗಲಾಟೆ ಎಲ್ಲ ನೀರಿನ ಅಡಿಯಿಂದ ಕೇಳಿದ ಹಾಗೆ. ಚೌಕಟ್ಟಿನ ಕೊಳವೆ ಎರಡೂ ಹೆಗಲ ಮೇಲೆ. ಕಣ್ಣಿಗೆ ಕಾಣುವುದು ಮುಂದಿನ ಹುಡುಗನ ಬೆನ್ನು ಮಾತ್ರ, ಕೆಳಗೆ ಸ್ವಲ್ಪ ನೆಲ. ನಿಧಾನ ನಡೆಯಿರಿ, ಪಾದ ಒಳಕ್ಕೆ ತಿರುಗಿಸಿ ಎಂದು ಅಮ್ಮ ಹೊರಗಿಂದ ಹೇಳುತ್ತಿದ್ದಳು. ಪಾದ ಒಳಕ್ಕೆ ಎಂದು ನೀನು ಬರೆದದ್ದು ನನಗೆ ಗೊತ್ತಿತ್ತು. ನಿನ್ನ ಕಾಗದಗಳೆಲ್ಲ ನಾನು ಓದಿದ್ದೇನೆ. ಅಮ್ಮ ಓದಿದ ಮೇಲೆಯೇ.

ಸ್ವಲ್ಪ ದೂರ ಹೋದ ಮೇಲೆ ಹೆಜ್ಜೆ ತಾನಾಗಿ ಬಂತು. ಎಲ್ಲಿ ಹೋಗುತ್ತಿದ್ದೇನೆ ಎಂದು ಕಾಣುವುದಿಲ್ಲ, ಮುಂದಿನವನು ನಡೆದ ಕಡೆಗೆ ನಡೆಯುವುದು. ಉಪ್ಪಿನ ಸರೋವರದ ಮೇಲೆ ನಡೆದಾಗ ಅವುಗಳಿಗೂ ಹೀಗೆಯೇ ಇದ್ದಿರಬಹುದು ಎನ್ನಿಸಿತು. ನಿದ್ದೆಯಲ್ಲಿ ನಡೆದ ಹಾಗಿತ್ತು. ಬೇಡ ಎನ್ನಿಸಲಿಲ್ಲ.

ನಡುವೆ ಮಕ್ಕಳು ಫೋಟೋ ತೆಗೆಸಿಕೊಳ್ಳಲಿ ಎಂದು ನಿಲ್ಲಿಸಿದರು. ಮತ್ತೆ ಹೊರಟಾಗ ಹೆಗಲು ಜಗ್ಗಿತು. ವಯಸ್ಸಾಯಿತು, ಸುಸ್ತು ಎಂದುಕೊಂಡೆ. ಮತ್ತೊಂದು ಸುತ್ತು ನಡೆದೆ. ಆಗ ಬ್ಯಾಂಡು ನಿಂತಿತು. ಒಬ್ಬ ಹೆಂಗಸು "ವೇನ್ ಬಿಂತಿ, ವೇನ್ ಬಿಂತಿ" ಎಂದು ಕೂಗುವುದು ಕೇಳಿತು, ನನ್ನ ಮಗಳೆಲ್ಲಿ ಎಂದು. ಮೈಕಿನಲ್ಲೂ ಹೇಳಿದರು, ಮೂರು ವರ್ಷದ ಮಗು, ಹಳದಿ ಫ್ರಾಕು, ಹೆಸರು ಶಮ್ಸಾ. ಜನ ಎಲ್ಲ ಕಡೆ ಓಡುವುದು ನೆಲದಲ್ಲಿ ಕಾಣುತ್ತಿತ್ತು. ಆ ಹೆಂಗಸಿನ ಕಾಲು ನನ್ನ ಮುಂದೆಯೇ ಎರಡು ಸಲ ದಾಟಿತು. ಒಂದರಲ್ಲಿ ಚಪ್ಪಲಿ ಇರಲಿಲ್ಲ.

ನಾನು ನಿಂತಲ್ಲೇ ನಿಂತೆ. ನೀನು ಹೊರಟ ದಿನ ನಾನು ಹೀಗೆ ಕೂಗಲಿಲ್ಲ. ಕೂಗಬೇಕಾಗಿತ್ತೋ ಏನೋ. ಆಗ ಮೊಣಕಾಲಿಗೆ ಏನೋ ತಾಗಿತು. ಬಗ್ಗಿ ಕೈ ಹಾಕಿದೆ. ಪುಟ್ಟ ಪಾದ, ಬೆಚ್ಚಗಿತ್ತು.

ಫೋಟೋಕ್ಕೆ ನಿಂತಾಗ ಮಗು ಹೊಟ್ಟೆಯ ಅಡಿಯಿಂದ ನುಸುಳಿ ಮರಿಯನ್ನು ನೋಡಲು ಬಂದು, ಚೀಲದೊಳಗೆ ಹತ್ತಿ, ಬಟ್ಟೆಯ ಮರಿಯನ್ನು ತಬ್ಬಿಕೊಂಡು ನಿದ್ದೆ ಹೋಗಿತ್ತು. ಅಷ್ಟು ಗಲಾಟೆಯಲ್ಲಿ ನಿದ್ದೆ. ನಾನು ಅಮ್ಮನನ್ನು ಕರೆದೆ. ಅವಳು ಬಟ್ಟೆ ಎತ್ತಿ ಒಳಗೆ ಬಂದು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಗುವನ್ನು ನಾನೇ ಎತ್ತಿ ಹೊರಗೆ ತಂದೆ. ಅದರ ತಾಯಿ ನನ್ನ ಕೈಯಿಂದ ತೆಗೆದುಕೊಂಡು ಮೊದಲು ಅದರ ಬೆನ್ನಿಗೆ ಒಂದು ಪೆಟ್ಟು ಕೊಟ್ಟಳು, ಆಮೇಲೆ ಮುಖ ಪೂರ್ತಿ ಮುತ್ತು ಕೊಟ್ಟಳು. ನನಗೆ ಏನೇನೋ ದುವಾ ಹೇಳಿ ಹರಸಿದಳು. ನಾನು ಖಲಾಸ್, ಖಲಾಸ್ ಎಂದಷ್ಟೇ ಹೇಳಿದೆ, ಎಲ್ಲ ಮುಗಿಯಿತು, ಅಳಬೇಡ ಎಂದು.

ಪಟ್ಟಿ ಗಟ್ಟಿ ಇತ್ತು. ಅಮ್ಮನ ಹೊಲಿಗೆಯ ಒಂದು ಎಳೆಯೂ ಬಿಟ್ಟಿರಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ಇದನ್ನು ಯಾರಿಗಾದರೂ ಹೇಳಬೇಕು ಎನ್ನಿಸಿತು. ಯಾರಿಗೆ ಎಂದು ಯೋಚಿಸಿದರೆ ನೀನೊಬ್ಬಳೇ ಇರುವುದು. ಬೇರೆ ಯಾರಿಗೆ ಅರ್ಥವಾಗುತ್ತದೆ, ಆ ಪ್ರಾಣಿಯ ಹೆಸರೇ ಜನರಿಗೆ ಹೇಳಲು ಬರುವುದಿಲ್ಲ.

ಇನ್ನೊಂದು ವಿಷಯ. ಮೂರು ವರ್ಷದ ಕೆಲಸಕ್ಕೆ ಹೂಂ ಎನ್ನು. ಆ ತಾಯಿ ಮರಿಯನ್ನು ನೀನು ಅರ್ಧಕ್ಕೆ ಬಿಟ್ಟು ಬರಬಾರದು. ಮುಂದೆ ಯಾವಾಗಲಾದರೂ ಮದುವೆ ಎಂದಾದರೆ ಅದು ನೀನು ಹೇಳಿದಾಗ, ನೀನು ಹೇಳಿದವನ ಜೊತೆ. ನಮ್ಮವರಿಗೆ ಉತ್ತರ ಕೊಡುವುದು ನನ್ನ ಕೆಲಸ.

ಆದರೆ ಲ್ಯಾಬಿನ ಚಾವಿ ಇಸಿದುಕೊಳ್ಳುವುದು ಸಾಕು ಮಗಾ. ಫೆಬ್ರವರಿಯಲ್ಲಿ ರಜೆ ಹಾಕಿ ಬಾ. ಏರ್‌ಪೋರ್ಟಿಗೆ ನಾನೊಬ್ಬನೇ ಬರುತ್ತೇನೆ, ಅಮ್ಮ ಮನೆಯಲ್ಲಿ ಅಡುಗೆ ಮಾಡಲಿ. ಬೌಷರ್ ಘಾಟಿಯ ಒಳದಾರಿಯಲ್ಲಿ ಬಂದರೆ ಬೇಗ ಮನೆ ಬರುತ್ತದೆ. ನಾವು ವಾದಿ ಅದಾಯ್ ಕಣಿವೆಯ ಕಡೆಯಿಂದ ಸುತ್ತಿ ಬರುವ. ಮಾತಿಗೆ ಸ್ವಲ್ಪ ದೂರದ ದಾರಿ ಬೇಕು.

ಪಪ್ಪ